ಟ್ರ್ಯಾಕ್ ನೋಡದ ಕಾರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ನಾಲಿಗೆ ಬಿದ್ದುಹೋಗಲಿ.

ಹಳೆಯ ಸೂಪರ್‌ಕಾರು ಮಾರುವ ಸುದರ್ಶನನ ಬಳಿ ಹವಾಯಿ ಚಪ್ಪಲಿಯ ಮುದುಕರೊಬ್ಬರು ಬಂದರು. ದೊಡ್ಡ ಸಾಹುಕಾರರು ಹೀಗೇ ಇರುತ್ತಾರೆಂದುಕೊಂಡು ಅವನೇ ಓಡಿಹೋಗಿ ಹಳದಿ ಕಾರಿನ ಬಾಗಿಲು ತೆಗೆದ.

"ಇದನ್ನ ರೇಸ್ ಟ್ರ್ಯಾಕಲ್ಲಿ ಓಡ್ಸಿದೀರಾ?"

ಹೌದೆಂದರೆ ಗಿರಾಕಿ ಕೈತಪ್ಪಿದಂತೆಯೇ.

"ಅಯ್ಯೋ, ಟ್ರ್ಯಾಕಿನ ಮುಖಾನೇ ನೋಡಿಲ್ಲ ಯಜಮಾನ್ರೇ. ಹೊಸದಾಗಿದ್ದಾಗ್ಲಿಂದ್ಲೂ ನನ್ಹತ್ರಾನೇ ಇದೆ."

"ಆಣೆ ಮಾಡ್ತೀರಾ?"

"ನನ್ ಮಗಳಾಣೆ."

"ಸೀಟ್ ಬೆಲ್ಟ್ ಮಾತ್ರ ಹೊಸದಿದ್ಯಲ್ಲ?"

"ಹಳೇದು ಸವೆದಿತ್ತು, ಅದಕ್ಕೇ ನಾನು..."

ಮುದುಕರು ಚೀಲದಿಂದ ಕತ್ತರಿಸಿದ ಹಳೆಯ ಸೀಟ್ ಬೆಲ್ಟೊಂದನ್ನು ತೆಗೆದು ಸೀಟಿನ ಮೇಲಿಟ್ಟರು.

"ಆಸ್ಪತ್ರೇಲಿ ನನ್ನ ಮಗನ ಬಟ್ಟೆ ಜೊತೆ ಕೊಟ್ರು. ನಿಮ್ಹತ್ರ ಡ್ರೈವರಾಗಿದ್ದ. ಇದೇ ಕಾರನ್ನ ಟ್ರ್ಯಾಕಲ್ಲಿ ಹುಚ್ಚಾಪಟ್ಟೆ ಓಡ್ಸಿ ಸತ್ತ ಅಂತ ಪೊಲೀಸ್ರಿಗೆ ಹೇಳಿದ್ರಲ್ಲ, ಈಗ ಹೇಳಿ, ಅವ್ನು ಸತ್ತಿದ್ದೆಲ್ಲಿ?"