ಮೋಹನವಿಲ್ಲದ ವರ್ಷ

ವಿಶ್ವಗೀತಸ್ಪರ್ಧೆಯಲ್ಲಿ ಕಟ್ಟಕಡೆಯ ಸ್ಥಾನಕ್ಕಿಳಿದ ದೇಶದ ಕಂಠಗಳಿಂದ, ಅದು ಹಾಡಿದ ರಾಗ ಒಂದು ವರ್ಷ ಹೊರಟುಹೋಗುವುದು ವಾಡಿಕೆ. ಮೇಲುಕೋಟೆಯ ಅಳಸಿಂಗಾಚಾರ್ಯರು ಸಂಧ್ಯಾವಂದನೆ ಮುಗಿಸಿ, ಮಡಿಯಲ್ಲೇ ಟೀವಿಯ ಮುಂದೆ ಕುಳಿತರು. ಈ ಸಲದ ಕಡೆಯ ಮತ ಅವರ ಮನೆಯದು, ಸ್ವದೇಶಕ್ಕೆ ಹಾಕುವಂತಿಲ್ಲ.

"ಸ್ವೀಡನ್ನಿನವರ ಹಾಡು ಇಸ್ತ್ರಿ ಮಾಡಿದ ಪಂಚೆ ಇದ್ದ ಹಾಗಿದೆ," ಎಂದು ಮಡದಿ ವೇದವಲ್ಲಿ ನಕ್ಕರು. "ಇಟಲಿಯವರಿಗೆ ಅಳದೆ ಹಾಡೋಕೆ ಬರೋದಿಲ್ಲ."

"ನಮ್ಮವರೋ? ಮೋಹನ ರಾಗಕ್ಕೆ ಎಲ್ಲ ದೇಶಗಳ ಒಗ್ಗರಣೆ ಹಾಕಿ ಕೆಡಿಸಿದರು."

ಕಟ್ಟಕಡೆಗೆ ಮಂಗೋಲಿಯದ ಕುದುರೆ ಕಾಯುವ ಹೆಂಗಸೊಬ್ಬಳು ಕಣ್ಮುಚ್ಚಿ ಹಾಡಿದಳು. ಅದೂ ಮೋಹನವೇ, ಅಪ್ಪಟ ಮೋಹನ. ಆಚಾರ್ಯರ ಬೆರಳು ತೊಡೆಯ ಮೇಲೆ ತಾನಾಗಿ ತಾಳ ಹಿಡಿಯಿತು. ಆದರೂ ಪಟ್ಟಿಯಲ್ಲಿ ಅವಳ ದೇಶವೇ ಕಡೆ, ಭಾರತ ಒಂದೇ ಮೆಟ್ಟಿಲು ಮೇಲೆ. ಇವರ ಮತ ಸಿಕ್ಕರೆ ಅವಳು ಮೇಲೇರುವಳು, ಭಾರತ ಕೆಳಗಿಳಿಯುವುದು.

"ಏನೂಂದ್ರೆ, ಸ್ವೀಡನ್ನಿಗೆ ಒತ್ತಿಬಿಡಿ. ನಾಳೆ ತುಳಸಿಯ ಮುಂದೆ ನಾನೇನು ಹಾಡಲಿ?"

"ಕೇಳಿದ್ದನ್ನು ಕೇಳಲಿಲ್ಲ ಎಂದರೆ ನಾದದ್ರೋಹ, ವೇದಾ," ಎಂದು ಆಚಾರ್ಯರು ಮಂಗೋಲಿಯಕ್ಕೆ ಒತ್ತಿದರು. ಆಕೆ ಎದ್ದು ಹೋದರು.

ಬೆಳಗ್ಗೆ ತುಳಸಿಕಟ್ಟೆಯ ಮುಂದೆ ವೇದವಲ್ಲಿ ನಲವತ್ತು ವರ್ಷದಿಂದ ಹಾಡುತ್ತಿದ್ದ ಮೋಹನದ ಹಾಡಿಗೆ ಬಾಯ್ತೆರೆದರು. ಉಸಿರು ಬಂತು, ರಾಗ ಬರಲಿಲ್ಲ. ಗಂಡನತ್ತ ನೋಡದೆ ಒಳಹೋಗಿ ರೇಡಿಯೊ ತಂದು ಕಟ್ಟೆಯ ಮೇಲಿಟ್ಟು, ಮಂಗೋಲಿಯದ ನಿಲಯ ಹುಡುಕಿದರು. ಆ ಹೆಂಗಸಿನ ದನಿ ಅಂಗಳವನ್ನು ತುಂಬಿತು.

"ದೇವರಿಗೆ ಇವಳ ಭಾಷೆ ಬರತ್ತೇನು?"

"ಇಷ್ಟು ವರ್ಷ ನಿನ್ನ ಅಪಸ್ವರವೇ ಅರ್ಥವಾಗಿದೆ," ಎಂದರು ಆಚಾರ್ಯರು.

ವೇದವಲ್ಲಿ ನಗು ತಡೆದುಕೊಂಡು, ಪರದೇಶದ ದನಿಯ ಲಯಕ್ಕೆ ಆರತಿ ಬೆಳಗಿದರು.