ನೇರ ವಿಮಾನ

ಚೀನಾದಿಂದ ಸಿಲಿಕಾನ್ ವ್ಯಾಲಿಗೆ ಹೊಸದಾಗಿ ಶುರುವಾದ ನೇರ ವಿಮಾನ. ನಡುಗಡಲಿನ ಮೇಲೆ ಪ್ರಯಾಣಿಕನೊಬ್ಬ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿಕೊಂಡ: “ಯಾರಾದ್ರೂ ಬನ್ನಿ! ನನ್ನ ಹೆಂಡ್ತಿಗೆ ಎದೆನೋವು. ಯಾವತ್ತೂ ಹೀಗಾಗಿಲ್ಲ!”

ಗಗನಸಖಿ ಚಿತ್ಕಲಾ ಓಡಿಬಂದು ನೋಡಿದಳು. ಹೆಂಗಸು ಬೆವೆತು ಬಿಳುಚಿಕೊಂಡಿದ್ದಳು. ಕ್ಯಾಪ್ಟನ್‌ಗೆ ಸುದ್ದಿ ಮುಟ್ಟಿಸಿ ಚಿತ್ಕಲಾ ಮತ್ತೆ ಬಂದಳು.

“ಹೆದರ್ಬೇಡಿ ಸರ್, ನಾನೂ ಕನ್ನಡದವಳೇ. ಇದೇ ಮೊದಲ ಸಲ ಅಂದ್ರೆ ಅಲಾಸ್ಕಾದಲ್ಲಿ ಇಳಿಸ್ತಾರಂತೆ. ಅಲ್ಲಿ ಆಸ್ಪತ್ರೆ ಇದೆ.”

“ಅಲಾಸ್ಕಾನಾ? ಅಲ್ಲಿಂದ ಮತ್ತೆ ಹೊರಡೋದು?”

“ನಾಳೆ ಆಗಬಹುದು.”

“ನಾಳೆ ಬೆಳಿಗ್ಗೆ ನನ್ನ ಕಂಪನಿಗೆ ಬಂಡವಾಳ ಹಾಕೋರ ಜೊತೆ ಮೀಟಿಂಗ್ ಇದೆ. ಅದಕ್ಕೇ ನೇರ ವಿಮಾನ ಹಿಡಿದಿದ್ದು.” ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನೋಡಮ್ಮ, ಇದು ಬರೀ ಗ್ಯಾಸು. ಇವಳಿಗೆ ಆಗಾಗ ಬರುತ್ತೆ.”

ಬಾಯಿಗೆ ಬಂದ ‘ಥೂ’ ಎಂಬುದನ್ನು ನುಂಗಿಕೊಂಡು ಚಿತ್ಕಲಾ ಹೆಂಗಸಿನ ಪಕ್ಕ ಮಂಡಿಯೂರಿ ಕೂತಳು.

“ಅಕ್ಕಾ, ನೀವೇ ಹೇಳಿ. ನೀವು ಹೇಳಿದ್ದನ್ನೇ ಕ್ಯಾಪ್ಟನ್‌ಗೆ ಹೇಳ್ತೀನಿ.”

ಹೆಂಗಸು ಗಂಡನ ಮುಖ ನೋಡಿದಳು.

“ಗ್ಯಾಸೇ ಕಣಮ್ಮ,” ಎನ್ನುತ್ತ, ಎದೆಯನ್ನು ಒತ್ತಿ ಹಿಡಿದಿದ್ದ ಕೈಯನ್ನು ಮೆಲ್ಲಗೆ ಹೊಟ್ಟೆಯ ಮೇಲಕ್ಕೆ ಸರಿಸಿಕೊಂಡಳು.