ನಕ್ಷೆಯಲ್ಲಿಲ್ಲದ ಮನೆ

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಕಾನೂನು ಕಾಲೇಜಿನ ಕೊನೆಯ ವರ್ಷದ ತರಗತಿಯಲ್ಲಿ, ಎಲ್ಲರೂ ‘ಲಾಯರ್ ಸಾಹೇಬ’ ಎಂದು ಕರೆಯುವ ಹುಡುಗ ಸೇತುವೆಯೊಂದರ ಮೇಲೆ ಬಾಂಬ್ ಹಾಕಲು ಒಪ್ಪಿಗೆ ಬರೆದು ಸಹಿ ಮಾಡಿದ.

“ಶತ್ರುವಿನ ಟ್ಯಾಂಕ್ ದಾಟೋ ಸೇತುವೆ. ಸ್ಫೋಟ ತಲುಪೋದು ಅರವತ್ತು ಮೀಟರ್. ಅಷ್ಟರೊಳಗೆ ಒಂದೂ ಮನೆಯಿಲ್ಲ. ಕಾನೂನಿನ ಅಡ್ಡಿಯಿಲ್ಲ, ಮೇಡಂ.”

ಯುದ್ಧದ ಕಾನೂನು ಕಲಿಸುವ ಮೇಡಂ ತಲೆಯಾಡಿಸಿದರು. ಕಲ್ಪಿತ ಯುದ್ಧವೊಂದರಲ್ಲಿ ಸೇನಾಧಿಕಾರಿಗೆ ಸಲಹೆ ಕೊಡುವ ವಕೀಲರಾಗಿ ಇಬ್ಬರು ವಾದಿಸಬೇಕು. ಗೆದ್ದವರು ಅಂತರ ಕಾಲೇಜು ಸ್ಪರ್ಧೆಗೆ. ಮುಂದಿನ ಸರದಿ ತರಗತಿಯವರು ‘ಗುಬ್ಬಿ’ ಎನ್ನುವ ಹುಡುಗಿಯದು. ಈ ಅವಕಾಶಕ್ಕಾಗಿ ಎರಡು ವರ್ಷ ಕಾದಿದ್ದ ಅವಳು ಗೋಡೆಯ ನಕ್ಷೆಯ ಹತ್ತಿರ ಹೋಗಿ ಸೇತುವೆಯ ಪಕ್ಕ ಬೆರಳಾಡಿಸಿದಳು.

“ಏನಮ್ಮಾ, ಏನು ಹುಡುಕ್ತಿದೀಯ?” ಎಂದರು ಮೇಡಂ.

“ಇದು ನಮ್ಮೂರು, ಮೇಡಂ. ಈ ಸೇತುವೆ ಪಕ್ಕ ನಮ್ಮ ಚಿಕ್ಕಮ್ಮ ಮನೆ ಕಟ್ಟಿದಾರೆ. ಇದರಲ್ಲಿ ಇಲ್ಲ.”

ಗ್ರಂಥಾಲಯದ ಮೂಲೆಯಲ್ಲಿ ಬಿದ್ದಿದ್ದ ನಕ್ಷೆ. ಊರು ಯಾವುದೆಂದು ತಿಳಿಯದಿರಲೆಂದು ಮೇಡಂ ಹೆಸರುಗಳಿಗೆಲ್ಲ ಬಿಳಿ ಬಳಿದು, ಮೇಲಿನ ಅಂಚು ಕತ್ತರಿಸಿದ್ದರು. ಅಂಚಿನ ಜೊತೆ ನಕ್ಷೆಯ ವರ್ಷವೂ ಹೋಗಿತ್ತು.

“ಪ್ರಶ್ನೆಯಲ್ಲಿ ಇಲ್ಲದ್ದನ್ನ ಸೇರಿಸೋ ಹಾಗಿಲ್ಲ,” ಎಂದ ಲಾಯರ್ ಸಾಹೇಬ. ನಿಯಮ ಅವನ ಕಡೆಗಿತ್ತು.

“ಗೊತ್ತು, ಸೇರಿಸಿದ್ರೆ ಸೋತ ಹಾಗೇ. ಆದ್ರೂ ನಾನು ಸಹಿ ಹಾಕಲ್ಲ. ನಕ್ಷೆ ಯಾವ ವರ್ಷದ್ದು ಅಂತ ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

ಅವನ ದನಿ ತಗ್ಗಿತು. “ಮೊದಲೇ ಮೈಕಲ್ಲಿ ಎಚ್ಚರಿಕೆ ಕೊಟ್ರೆ?”

“ಚಿಕ್ಕಮ್ಮ ಹೊಲಿಗೆ ಮೆಷಿನ್ ತುಳೀತಿದ್ರೆ, ಚಿಕ್ಕಪ್ಪ ಪಕ್ಕದಲ್ಲೇ ನಿಂತು ಕಿರುಚಿದ್ರೂ ಕೇಳ್ಸಲ್ಲ. ಕೇಳ್ಸಿದ್ರೂ ಗಿರಾಕಿ ಬಟ್ಟೆ ಮುಗಿಸದೆ ಏಳಲ್ಲ.”

ತರಗತಿ ನಕ್ಕಿತು. ಕಣ್ಣೊರೆಸಿಕೊಳ್ಳುತ್ತ ಗುಬ್ಬಿಯೂ ನಕ್ಕಳು.

“ಖಚಿತ ಮಾಡ್ಕೊಳ್ಳದೆ ಸಹಿ ಹಾಕಬಾರದು, ಮೊದಲನೇ ದಿನದ ಪಾಠ. ಮರೆತವಳು ನಾನು,” ಎಂದು ಮೇಡಂ ತಮ್ಮ ಪೆನ್ಸಿಲನ್ನು ಅವಳ ಕೈಗಿಟ್ಟರು. “ಸ್ಪರ್ಧೆಗೆ ನೀನೇ ಹೋಗು. ಈಗ ಚಿಕ್ಕಮ್ಮನ ಮನೆ ಬರಿ.”

ಅವಳು ಪುಟ್ಟ ಚೌಕ ಬರೆದಳು. ಲಾಯರ್ ಸಾಹೇಬ ತಾನಾಗಿಯೇ ಸ್ಕೇಲ್ ಹಿಡಿದು ಬಂದ. ಸೇತುವೆಯಿಂದ ಚೌಕದವರೆಗೆ ಇಟ್ಟು ನೋಡಿದ.

“ಮನೆ ಇನ್ನೂ ಸ್ವಲ್ಪ ಹಿಂದಕ್ಕೆ, ಅರವತ್ತು ಮೀಟರ್ ಆಚೆ ಇರಬಹುದಾ?” ಎಂದು ಮೆಲ್ಲಗೆ ಕೇಳಿದ.

“ಇಲ್ಲ ಕಣೋ.”

ಅವನು ಒಪ್ಪಿಗೆಯ ಹಾಳೆಯನ್ನು ಹರಿದು, ಇನ್ನೊಮ್ಮೆ ಅಳೆದ. ಎರಡು ಸೆಂಟಿಮೀಟರ್, ನೆಲದ ಮೇಲೆ ನಲವತ್ತು ಮೀಟರ್.